ತೋರಿಸದೆ ಹೂತ ಕಿವಿಗಳು

ಅಕ್ಕ ತೀರಿಕೊಂಡು ಮೂರು ತಿಂಗಳಾಯಿತು. ಅದಕ್ಕೂ ಮೊದಲು ಎರಡು ವರ್ಷ ನಾವಿಬ್ಬರೂ ಮಾತಾಡಿರಲಿಲ್ಲ. ಮಾತು ಬಿಟ್ಟದ್ದು ಕುರಿಗಳಿಂದ. ಹತ್ತು ಹೆಣ್ಣುಕುರಿ, ಅವುಗಳ ಮರಿಗಳು, ಮತ್ತು ನಾನು ಹೇಳಬೇಕಾದ ದಿನ ಹೇಳದೆ ಉಳಿಸಿಕೊಂಡ ಒಂದು ವಿಷಯ. ದುಃಖ ಕೇಳಲು ಬಂದವರು "ಒಡಹುಟ್ಟಿದೋಳು, ಸಂಕ್ಟ ಆಗ್ದೆ ಇರ್ತದಾ" ಎಂದು ಎರಡು ಮಾತಾಡುತ್ತಾರೆ. ಅವರಿಗೆಲ್ಲ ವಿಷಯ ಗೊತ್ತು. ಗೊತ್ತಿರುವುದರಿಂದಲೇ ಕುರಿಯ ಮಾತು ನಡುವೆ ಬರದಂತೆ ಮಳೆಯ ಮಾತು, ಕಡಲೆಕಾಯಿ ರೇಟಿನ ಮಾತು ಆಡಿ ಎದ್ದು ಹೋಗುತ್ತಾರೆ.

ನಮ್ಮದು ಶಿರಾ ತಾಲ್ಲೂಕು, ತಾವರೆಕೆರೆ ಹತ್ತಿರದ ಊರು. ಈ ಕಡೆ ಕುರಿಯನ್ನು ಪಾಲಿಗೆ ಕೊಡುವ ಪದ್ಧತಿ ಇದೆ. ಕುರಿ ಒಬ್ಬರದು, ಮೇಯಿಸುವವರು ಇನ್ನೊಬ್ಬರು. ತಾಯಿಕುರಿ ಯಾವತ್ತಿದ್ದರೂ ಕೊಟ್ಟವರದೇ. ಹುಟ್ಟಿದ ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ಮೇಯಿಸಿದವರಿಗೆ. ಗೊಬ್ಬರ ಮೇಯಿಸಿದವರದು. ಕೊಡುವಾಗಲೇ ಕುರಿಯ ಎಡಗಿವಿಯಲ್ಲಿ ಯಜಮಾನರ ಗುರುತಿಗೆ ಒಂದು ಕಚ್ಚು ಹಾಕುತ್ತಾರೆ. ಕುರಿ ಸತ್ತರೆ, ಮೇಯಿಸಿದವನು ಆ ಕಿವಿಯನ್ನು ಕೊಯ್ದು ತಂದು ಯಜಮಾನರಿಗೆ ತೋರಿಸಬೇಕು. ಆಗ ಸತ್ತದ್ದು ಅವರ ಕುರಿಯೇ, ಇವನು ಮಾರಿಕೊಂಡಿಲ್ಲ ಎಂದು ಲೆಕ್ಕ. ತೋರಿಸದಿದ್ದರೆ ಬೆಲೆ ಕಟ್ಟಿಕೊಡಬೇಕು.

ನಮ್ಮಪ್ಪ ಊರವರ ಕುರಿ ಹೀಗೆ ಮೇಯಿಸಿದವನು. ಕುರಿ ಸತ್ತ ದಿನ ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಕಿವಿಯನ್ನು ಬಟ್ಟೆಯ ತುಂಡಿನಲ್ಲಿ ಕಟ್ಟಿಕೊಂಡು ಯಜಮಾನರ ಮನೆಗೆ ನಡೆದು ಹೋಗುತ್ತಿದ್ದ. ಅವರು ಉಣ್ಣುತ್ತಿದ್ದರೆ ಉಂಡು ಕೈತೊಳೆಯುವ ತನಕ ಬಾಗಿಲ ಹೊರಗೆ ನಿಂತಿದ್ದು, ಆಮೇಲೆ ಬಿಚ್ಚಿ ತೋರಿಸಿ ಬರುತ್ತಿದ್ದ. ನನಗೂ ಅಕ್ಕನಿಗೂ ಅದನ್ನು ನೋಡಿದರೆ ನಾಚಿಕೆಯಾಗುತ್ತಿತ್ತು.

ಅಕ್ಕನನ್ನು ಮಧುಗಿರಿಗೆ ಕೊಟ್ಟಿದ್ದೆವು. ಭಾವ ಗಾರೆ ಕೆಲಸದವರು. ಕಾಮಾಲೆ ಬಂದು ಹೋಗಿಬಿಟ್ಟರು. ಒಬ್ಬಳೇ ಮಗಳು. ಅಕ್ಕ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿಕೊಂಡಳು. ಭಾವನ ಕಾರ್ಮಿಕರ ಕಾರ್ಡಿನಿಂದ ಸ್ವಲ್ಪ ಹಣ ಬಂದಾಗ ನನಗೆ ಫೋನು ಮಾಡಿದಳು.

"ಲೇ, ಈ ದುಡ್ಡು ಬ್ಯಾಂಕ್ನಾಗಿದ್ರೆ ಇವ್ರ ಅಣ್ತಮ್ದಿರು ಒಬ್ರಾದ್ಮ್ಯಾಲೆ ಒಬ್ರು ಕೈ ಸಾಲ ಅಂತ ಬತ್ತಾರೆ. ಇಲ್ಲ ಅಂದ್ರೆ ಜಗಳ, ಕೊಟ್ರೆ ಪಂಗನಾಮ. ಕುರಿ ಮಾಡ್ಬುಡಾನ. ಕುರಿನ ಯಾರೂ ಸಾಲ ಕೇಳಲ್ಲ. ಮಗ್ಳು ಓದೋ ಹೊತ್ಗೆ ಆಗ್ತದೆ."

ಅವಳ ಯೋಚನೆಯಲ್ಲಿ ತಪ್ಪಿರಲಿಲ್ಲ. ಈಗ ನೆನೆದರೂ ಅದು ಸರಿಯಾದ ಯೋಚನೆಯೇ. ಹಣವನ್ನು ಯಾರ ಕೈಗೂ ಸಿಗದ ಹಾಗೆ ಇಡಬೇಕೆಂದುಕೊಂಡಳು. ನನ್ನ ಕೈಗೆ ಕೊಟ್ಟಳು.

ಪಾವಗಡ ತಾಲ್ಲೂಕಿನ ರಾಯಚರ್ಲು ಕಡೆ ಒಬ್ಬರು ಮಂದೆ ಮಾರುತ್ತಿದ್ದಾರೆಂದು ತಿಳಿದು ಇಬ್ಬರೂ ಹೋದೆವು. ಯಾಕೆ ಮಾರುತ್ತಿದ್ದೀರಿ ಎಂದು ಕೇಳಿದ್ದಕ್ಕೆ ಆ ಮುದುಕ ಸೋಲಾರ್ ಫಲಕಗಳ ಕಡೆ ಕೈ ತೋರಿಸಿದ. "ಮೇಪು ಎಕ್ಕಡ ಉಂದಪ್ಪಾ? ಮೇವು ಎಲ್ಲೈತೆ? ಬಿಸ್ಲು ಮೇಯೋ ಕುರಿ ಬಂದವೆ ಈಗ. ನಮ್ಮವಕ್ಕೆ ಜಾಗ ಇಲ್ಲ." ಅಕ್ಕ ದಾರಿಯುದ್ದಕ್ಕೂ ಆ ಮಾತನ್ನು ಹೇಳಿಕೊಂಡು ನಕ್ಕಳು. ಭಾವ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹತ್ತು ಕುರಿ ತಂದು ನಮ್ಮ ರೊಪ್ಪದಲ್ಲಿ, ಕುರಿ ಕೂಡುವ ಬೇಲಿಯೊಳಗೆ, ನನ್ನ ಮೂವತ್ತು ಕುರಿಗಳ ಜೊತೆ ಬಿಟ್ಟೆವು. ನಾನು ಕಿವಿಗೆ ಕಚ್ಚು ಹಾಕುವಾಗ ಅಕ್ಕ ಕುರಿಗಳ ಕತ್ತು ಹಿಡಿದುಕೊಂಡಿದ್ದಳು.

"ಸತ್ರೆ ಅಪ್ಪನಂಗೆ ಕಿವಿ ಕಟ್ಕೊಂಡು ಮಧುಗಿರಿ ಬಸ್ ಹತ್ಬುಟ್ಟೀಯ ಕಣ್ಲಾ. ಕಂಡಕ್ಟ್ರು ಲಗೇಜ್ ಟಿಕೆಟ್ ಹರೀತಾನೆ."

"ಪದ್ಧತಿ ಕಣಕ್ಕ."

"ಪದ್ಧತಿ ಊರೋರ್ಗೆ. ನಾನೇನು ಸಾವ್ಕಾರ್ತಿನಾ? ನೀನು ಬಾಗ್ಲಾಗೆ ಕಿವಿ ಹಿಡ್ಕೊಂಡು ನಿಂತ್ರೆ ನಾನು ಒಳ್ಗೆ ಅನ್ನ ಹೆಂಗ್ ಉಣ್ಲಿ?"

ನನ್ನ ಹೆಂಡತಿಯೂ ನಕ್ಕಳು. ನನಗೆ ಆ ಮಾತು ಇಷ್ಟವಾಯಿತು. ಅಕ್ಕ ನನ್ನನ್ನು ಪಾಲಿನವನಂತೆ ನೋಡುತ್ತಿಲ್ಲ ಎಂದು ಎದೆ ತುಂಬಿತು.

ಮೊದಲ ವರ್ಷ ಅವಳ ಕುರಿಗಳು ಎಂಟು ಮರಿ ಹಾಕಿದವು. ಯುಗಾದಿಯಲ್ಲಿ ಪಾಲು ಮಾಡಬೇಕಿತ್ತು. ಬಾ ಎಂದು ಕರೆದರೆ, "ಇರ್ಲಿ ಬುಡು, ಮಂದೆ ಬೆಳೀಲಿ. ನಾನೆಲ್ಲಿ ಓಡೋಗ್ತೀನಿ, ನೀನೆಲ್ಲಿ ಓಡೋಗ್ತೀಯ" ಎಂದಳು. ಪಾಲಾಗುವ ತನಕ ಮರಿಗೆ ಕಚ್ಚು ಹಾಕುವುದಿಲ್ಲ. ಮುಂದಿನ ವರ್ಷ ಇನ್ನಷ್ಟು ಹುಟ್ಟಿದವು. ಅವುಗಳ ನಡುವೆ ನನ್ನ ಕುರಿಗಳ ಮರಿಗಳೂ ಇದ್ದವು. ಯಾವುದು ಯಾವುದರ ಮರಿ ಎಂದು ನನಗೆ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಅಷ್ಟೇ. ನನ್ನನ್ನು ಬಿಟ್ಟು ಇನ್ನೊಬ್ಬರಿಗೆ ಗೊತ್ತಾಗುವ ಗುರುತು ಯಾವುದೂ ಇರಲಿಲ್ಲ. ಅಕ್ಕನಿಗೆ ಕೈ ಖಾಲಿಯಾದಾಗ ಒಂದು ಟಗರು ಮಾರಿ ಕೊಟ್ಟೆ. ನನಗೆ ಬೇಕಾದಾಗ ಒಂದು ಮಾರಿ ಮನೆಗೆ ಹಾಕಿಕೊಂಡೆ. ಬರೆದಿಡಲಿಲ್ಲ. ಅಕ್ಕ ತಮ್ಮ ಅಂದರೆ ಹೀಗಿರಬೇಕು, ಒಂದು ದಿನ ಲೆಕ್ಕ ಕೇಳಿದವರಲ್ಲ ಎಂದು ನೆಂಟರು ನಮ್ಮನ್ನು ಮದುವೆ ಮನೆಗಳಲ್ಲಿ ಹೊಗಳುತ್ತಿದ್ದರು. ಆ ಹೊಗಳಿಕೆ ನಮ್ಮಿಬ್ಬರಿಗೂ ಬೇಕಾಗಿತ್ತು.

ಮೂರನೇ ವರ್ಷ ಮಳೆ ಹಿಡಿದು, ಅದರ ಹಿಂದೆಯೇ ನೀಲಿನಾಲಿಗೆ ರೋಗ ಬಂತು. ಬಾಯಿ ಊದಿಕೊಂಡು, ಕಾಲು ಕುಂಟಿ, ಮೇವು ಮುಟ್ಟದೆ ಕುರಿಗಳು ಬಿದ್ದವು. ಒಂಬತ್ತು ದಿನದಲ್ಲಿ ಹನ್ನೊಂದು ಸತ್ತವು. ಅದರಲ್ಲಿ ಅಕ್ಕನವು ಆರು, ನನ್ನವು ಐದು. ಅವಳ ಕುರಿಗಳು ವಯಸ್ಸಾದವು, ನನ್ನವು ಹೆಚ್ಚಿನವು ಎಳೆಯವು. ರೋಗ ಮುದಿ ಕುರಿಗಳನ್ನು ಬೇಗ ಹಿಡಿಯಿತು.

ಪಶು ಡಾಕ್ಟರು ಬಂದು ನೋಡಿ, ಪರಿಹಾರಕ್ಕೆ ಬರೆದುಕೊಂಡು, ಫೋಟೋ ತೆಗೆದುಕೊಂಡರು. ಸುಣ್ಣ ಹಾಕಿ ಆಳವಾಗಿ ಹೂಳಿ ಎಂದರು. ಗುಂಡಿಯ ಪಕ್ಕ ನಿಂತಿದ್ದ ಹೆಂಡತಿ, "ಕಿವಿ ಕೊಯ್ಕಳಿ" ಎಂದಳು.

"ಅವ್ಳೇ ಬ್ಯಾಡ ಅಂದವ್ಳೆ."

"ಅವ್ರು ಅಂದ್ರು. ನೀವು ಕೊಯ್ದು ಉಪ್ಪಾಕಿ ಇಟ್ಕಳಿ. ತೋರ್ಸೋದು ಬುಡೋದು ಆಮ್ಯಾಕೆ."

"ಅಕ್ಕಂಗೆ ಕಿವಿ ತೋರ್ಸೋದಾ? ಬಾಯ್ಮುಚ್ಕೊಂಡು ಮಣ್ಣೆಳಿ."

"ಫೋನ್ನಾಗೆ ಒಂದ್ ಫೋಟೋನಾದ್ರೂ ಹೊಡ್ಕಳಿ ಮತ್ತೆ."

ಫೋನು ಜೇಬಿನಲ್ಲೇ ಇತ್ತು. ತೆಗೆಯಲು ಮನಸ್ಸಾಗಲಿಲ್ಲ. ಡಾಕ್ಟರು ತೆಗೆದ ಫೋಟೋದಲ್ಲಿ ಹನ್ನೊಂದು ಕುರಿ ಒಂದರ ಮೇಲೊಂದು ಬಿದ್ದಿವೆ. ಒಂದರ ಕಿವಿಯೂ ಸರಿಯಾಗಿ ಕಾಣುವುದಿಲ್ಲ.

ಆಗ ಅಕ್ಕ ತುಮಕೂರಿನ ಆಸ್ಪತ್ರೆಯಲ್ಲಿದ್ದಳು. ಗರ್ಭಕೋಶದ ಆಪರೇಷನ್ ಆಗಿತ್ತು. ಹೊಲಿಗೆ ಬಿಚ್ಚಲಿ, ಆಮೇಲೆ ಹೇಳೋಣ ಎಂದುಕೊಂಡೆ. ಹೊಲಿಗೆ ಬಿಚ್ಚಿದ ಮೇಲೆ, ಮನೆಗೆ ಬರಲಿ ಎಂದುಕೊಂಡೆ. ಮನೆಗೆ ಬಂದ ಮೇಲೆ, ನಾಲ್ಕು ದಿನ ಸುಧಾರಿಸಿಕೊಳ್ಳಲಿ ಎಂದುಕೊಂಡೆ. ಅಷ್ಟರಲ್ಲಿ ಪರಿಹಾರದ ಹಣ ನನ್ನ ಖಾತೆಗೆ ಬಂತು. ಆರು ಕುರಿಯ ಹಣ ಅಕ್ಕನದು. ಅದು ನನಗೆ ಗೊತ್ತಿತ್ತು. ಅದೇ ವಾರ ಬೋರಿನ ಮೋಟರು ಸುಟ್ಟಿತು. ಸೇವಂತಿಗೆ ಗಿಡ ಮೊಗ್ಗಿಗೆ ಬಂದಿತ್ತು. ಬೇರೆಯವರ ಹತ್ತಿರ ಕೇಳುವುದು ಯಾಕೆ, ಕೈಯಲ್ಲೇ ಇದೆಯಲ್ಲ ಎಂದು ಆ ಹಣದಿಂದ ಮೋಟರು ರಿಪೇರಿ ಮಾಡಿಸಿದೆ. ಹೂವು ಮಾರಿ, ಆರು ಕುರಿ ತಂದು, ಕಿವಿಗೆ ಕಚ್ಚು ಹಾಕಿ ಬಿಟ್ಟು, ಆಮೇಲೆ ಎಲ್ಲ ಒಟ್ಟಿಗೆ ಹೇಳಿದರಾಯಿತು ಎಂಬುದು ನನ್ನ ಲೆಕ್ಕ. ಹಬ್ಬ ಮುಗಿದ ಮಾರನೆಯ ದಿನ ಹೂವಿನ ರೇಟು ಬಿತ್ತು.

ಅಕ್ಕ ಪ್ರತಿ ಭಾನುವಾರ ಫೋನು ಮಾಡುತ್ತಿದ್ದಳು. "ಕುರಿ ಹೆಂಗವ್ಲಾ?" ಎಂದು ಕೇಳುತ್ತಿದ್ದಳು. "ಚೆನ್ನಾಗವೆ" ಎನ್ನುತ್ತಿದ್ದೆ. ಉಳಿದ ನಾಲ್ಕು ಚೆನ್ನಾಗಿಯೇ ಇದ್ದವು. ಹಾಗಾಗಿ ಅದು ಪೂರಾ ಸುಳ್ಳಲ್ಲ ಎಂದುಕೊಳ್ಳುತ್ತಿದ್ದೆ.

ಐದು ತಿಂಗಳು ಹೀಗೆ ಹೋಯಿತು. ಅಕ್ಕನ ಮಗಳಿಗೆ ಕೊರಟಗೆರೆಯ ನರ್ಸಿಂಗ್ ಶಾಲೆಯೊಂದರಲ್ಲಿ ಸೀಟು ಸಿಕ್ಕಿತು, ಎರಡು ವರ್ಷದ ಓದು. "ತಾಯಿಕುರಿ ಅಂಗೇ ಇರ್ಲಿ. ನನ್ನ ಪಾಲಿನ ಮರಿ ಮಾರಿ ಫೀಸಿಗೆ ಕಳ್ಸು" ಎಂದಳು ಅಕ್ಕ. ಆಗಲೂ ಹೇಳಬಹುದಿತ್ತು. ರೇಟಿಲ್ಲ, ಹದಿನೈದು ದಿನ ತಡಿ ಎಂದೆ. ಆ ಹದಿನೈದು ದಿನದೊಳಗೆ ಪಾವಗಡದಲ್ಲಿ ನಮ್ಮ ಚಿಕ್ಕಮ್ಮನ ಮನೆಯ ಮದುವೆ ಬಂತು. ನಾನು ಹೋಗಿರಲಿಲ್ಲ. ಅಲ್ಲಿ ಊಟದ ಪಂಕ್ತಿಯಲ್ಲಿ ಚಿಕ್ಕಮ್ಮ ಅಕ್ಕನನ್ನು ಕೇಳಿದಳಂತೆ: "ಏಮಮ್ಮಾ, ನಿನ್ನ ತಮ್ಮಂಗೆ ಸತ್ತ ಕುರಿಗೆಲ್ಲ ಸರ್ಕಾರ ದುಡ್ಡು ಕೊಡ್ತಂತೆ. ನಿನ್ನ ಪಾಲು ನಿಂಗೆ ಕೊಟ್ನಾ?"

ಅಕ್ಕ ಆ ಮದುವೆಗೆ ಉಟ್ಟ ಸೀರೆಯಲ್ಲೇ ನಮ್ಮೂರಿನ ಬಸ್ಸು ಹತ್ತಿ ಬಂದಳು. ಮಧ್ಯಾಹ್ನ, ಕುರಿಗಳು ರೊಪ್ಪದಲ್ಲಿದ್ದವು. ಮನೆಯೊಳಗೆ ಬರದೆ ನೇರ ರೊಪ್ಪಕ್ಕೆ ಹೋಗಿ, ಒಂದೊಂದೇ ಕುರಿಯ ಎಡಗಿವಿ ಎತ್ತಿ ನೋಡುತ್ತಾ ಕೊನೆಯ ತನಕ ಹೋದಳು. ನಾನು ರೊಪ್ಪದ ಬಾಗಿಲಲ್ಲಿ ನಿಂತಿದ್ದೆ.

"ನಾಕವೆ. ಇನ್ನಾರು?"

"ಸತ್ತೋದ್ವು ಅಕ್ಕ. ನೀಲಿನಾಲ್ಗೆ ಬಂದಿತ್ತು. ನೀನು ಆಸ್ಪತ್ರೇಲಿದ್ದೆ."

"ಹೋದ್ ಭಾನ್ವಾರ ಚೆನ್ನಾಗವೆ ಅಂದ್ಯಲ್ಲ. ಸತ್ತ ಕುರಿ ಹೆಂಗ್ಲಾ ಚೆನ್ನಾಗಿರ್ತವೆ?"

ಕೈಯಲ್ಲಿದ್ದ ಕುರಿಯ ಕಿವಿ ಬಿಟ್ಟು ನನ್ನ ಕಡೆ ತಿರುಗಿದಳು.

"ನಿನ್ನವು ಎಷ್ಟು ಹೋದ್ವು?"

"ಐದು."

"ನನ್ನ ಹತ್ರಾಗೆ ಆರು, ನಿನ್ನ ಮೂವತ್ರಾಗೆ ಐದು. ರೋಗಕ್ಕೂ ಕಿವಿ ಕಚ್ಚು ನೋಡೋಕೆ ಬತ್ತದೆ ಅನ್ನು."

ಮುದಿ ಕುರಿ, ಎಳೆ ಕುರಿ ಎಂದು ಹೇಳಿದೆ. ನನ್ನ ಕಿವಿಗೇ ಅದು ಕಟ್ಟುಕತೆಯಂತೆ ಕೇಳಿಸಿತು.

"ಕಿವಿ ಎಲ್ಲವೆ?"

"ನೀನೇ ಬ್ಯಾಡ ಅಂದಿದ್ದೆಲ್ಲಕ್ಕ."

"ಬ್ಯಾಡ ಅನ್ನೋಳು ಅಂತಾಳೆ ಕಣ್ಲಾ. ತರೋನು ತರ್ಬೇಕು." ಕೈಗಂಟಿದ ಉಣ್ಣೆ ಕೊಡವಿಕೊಂಡು ಕೇಳಿದಳು: "ದುಡ್ಡು?"

"ಮೋಟ್ರಿಗಾಯ್ತು. ಕೊಡ್ತೀನಿ ಅಕ್ಕ, ನಾಳೆನೇ..."

"ಓಹೋ. ನನ್ನ ಕುರಿ ಸತ್ತು ನಿನ್ನ ಹೂವಿಗೆ ನೀರು ಬಂತು."

ಹೆಂಡತಿ ನೀರು ತಂದಳು. ಅಕ್ಕ ಲೋಟವನ್ನು ಕೈಗೆ ತೆಗೆದುಕೊಂಡು ಕುಡಿಯದೆ ಗೋಡೆಯ ಮೇಲಿಟ್ಟು, "ನಿಂಗೇನೂ ಅನ್ನಲ್ಲ ಕಣಮ್ಮ" ಎಂದು ಅವಳಿಗೆ ಹೇಳಿ, ಬಸ್ಸಿನ ಕಡೆ ನಡೆದಳು. ನಾನು ಹಿಂದೆ ಓಡಲಿಲ್ಲ. ಸಿಟ್ಟು ಇಳಿಯಲಿ, ಎರಡು ದಿನ ಬಿಟ್ಟು ಮಾತಾಡೋಣ ಎಂದುಕೊಂಡೆ. ಆಗಲೂ ನನಗೆ ಹೊಳೆದದ್ದು ಇದೇ: ಆಮೇಲೆ.

ಮಾರನೆಯ ದಿನ ನನ್ನ ಕುರಿ ಮಾರಿ, ಆರು ಕುರಿಯ ಹಣವನ್ನು ಫೋನಿನಲ್ಲಿ ಕಳಿಸಿದೆ. ಬೀಡಿ ಹಚ್ಚಿ ಮುಗಿಸುವಷ್ಟರಲ್ಲಿ ಅಷ್ಟೂ ವಾಪಸು ಬಂತು. ಮತ್ತೆ ಕಳಿಸಿದೆ. ಮತ್ತೆ ಬಂತು. ಮೂರನೇ ಸಲ ಕಳಿಸಲು ಧೈರ್ಯವಾಗಲಿಲ್ಲ. ಆ ವಾರ ಅಕ್ಕನ ಮೈದುನ ಟೆಂಪೋ ತೆಗೆದುಕೊಂಡು ಬಂದ. ಯಾರ ಕೈಗೆ ಹಣ ಸಿಗಬಾರದೆಂದು ಅಕ್ಕ ಕುರಿ ಮಾಡಿದ್ದಳೋ ಅವನೇ. ನಾಲ್ಕು ತಾಯಿಕುರಿ ಹಿಡಿದ. ಮರಿಗಳಲ್ಲಿ ತನಗೆ ಚೆನ್ನಾಗಿ ಕಂಡ ಒಂಬತ್ತು ಹಿಡಿದ. ಅವುಗಳಲ್ಲಿ ನಾಲ್ಕು ನನ್ನ ಕುರಿಗಳ ಮರಿ. ಹೇಳಿದರೆ ನಂಬಲು ಏನು ಗುರುತಿತ್ತು? ಸುಮ್ಮನೆ ಹತ್ತಿಸಿ ಕಳಿಸಿದೆ. ಅವನು ಎಷ್ಟಕ್ಕೆ ಮಾರಿದ, ಅಕ್ಕನಿಗೆ ಎಷ್ಟು ಕೊಟ್ಟ, ಗೊತ್ತಿಲ್ಲ. ಕೇಳುವ ಬಾಯಿ ನನಗಿರಲಿಲ್ಲ.

ಆರು ತಿಂಗಳಾದ ಮೇಲೆ ನಾನೂ ಹೆಂಡತಿಯೂ ಎರಡು ದಿನ ಕೂತು, ಮೂರು ವರ್ಷದ್ದನ್ನೆಲ್ಲ ನೆನಪು ಮಾಡಿಕೊಂಡು ಬರೆದೆವು. ಯಾವ ಕುರಿ ಎಷ್ಟು ಮರಿ ಹಾಕಿತು, ಯಾವುದನ್ನು ಯಾವ ಸಂತೆಯಲ್ಲಿ ಮಾರಿದೆವು, ಅಕ್ಕನಿಗೆ ಕೊಟ್ಟದ್ದು, ನಾವು ಹಾಕಿಕೊಂಡದ್ದು, ಸತ್ತದ್ದು, ಬಂದ ಪರಿಹಾರ. ನೋಟ್ ಪುಸ್ತಕದ ಮೂರು ಹಾಳೆ ಆಯಿತು. ಅದರಲ್ಲಿ ಒಂದು ಸುಳ್ಳನ್ನೂ ಬರೆಯಲಿಲ್ಲ. ಮಡಿಸಿಕೊಂಡು ಮಧುಗಿರಿಗೆ ಹೋದೆ. ಹಾಸ್ಟೆಲಿನ ಅಡುಗೆಮನೆಯ ಹಿಂದೆ ಅಕ್ಕ ಕುಂಬಳಕಾಯಿ ಹೆಚ್ಚುತ್ತಿದ್ದಳು. ನನ್ನನ್ನು ನೋಡಿ ಎದ್ದೇಳಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡಳು. ಏಳನೇ ಕ್ಲಾಸು ಓದಿದವಳು. ಬೆರಳಿಟ್ಟು ಸಾಲುಸಾಲಾಗಿ ಓದಿದಳು. ನನಗೆ ಆಸೆ ಹುಟ್ಟಿತು.

"ಗಂಗಮ್ಮನ ಹಬ್ಬಕ್ಕೆ ಒಂದು ಮರಿ ಕಡಿದ್ವಲ್ಲ. ಯಾರ್ದು ಅದು?"

ನಾನು ಯೋಚಿಸಿದೆ. ಅಕ್ಕನ ಕುರಿಯ ಮರಿಯೇ. ಎಲ್ಲರೂ ಸೇರಿ ಉಂಡಿದ್ದೆವು. ನನಗೂ ಹೆಂಡತಿಗೂ ಅದು ನೆನಪೇ ಬಂದಿರಲಿಲ್ಲ.

"ಮರ್ತೋಯ್ತಕ್ಕ."

"ನಾನೂ ತಿಂದಿವ್ನಿ. ಬರ್ಕೊ, ಬರ್ಕೊ. ಒಂದೆಲ್ಡು ತುಂಡು ನನ್ನ ಲೆಕ್ಕಕ್ಕೂ ಹಾಕ್ಕೊ."

ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ಅಕ್ಕ ನಗಲಿಲ್ಲ. ಹಾಳೆಗಳನ್ನು ಇದ್ದ ಮಡಿಕೆಯಲ್ಲೇ ಮಡಿಸಿ ನನ್ನ ಕೈಗೆ ಕೊಟ್ಟಳು.

"ಇದ್ನ ಅವತ್ತವತ್ತೇ ಬರ್ದಿದ್ರೆ ಕಣ್ಮುಚ್ಕೊಂಡು ನಂಬ್ತಿದ್ದೆ. ಓದ್ತಾನೂ ಇರ್ಲಿಲ್ಲ. ಇದು ನೀನು ಮೊನ್ನೆ ಕೂತ್ಕೊಂಡು ಬರ್ದಿರೋದು. ಸಿಕ್ಕಾಕ್ಕೊಂಡೋನು ಬರ್ದಿರೋದು. ಇದ್ರಾಗೆ ನಿಜ ಇದ್ರೂ ನಂಗೆ ಹೆಂಗ್ಲಾ ಗೊತ್ತಾಗ್ಬೇಕು?"

ಅವಳು ನನ್ನ ಜೊತೆ ಆಡಿದ ಕೊನೆಯ ಮಾತು ಅದು. ಹಾಳೆಗಳನ್ನು ಅಂಗಿ ಜೇಬಿಗಿಟ್ಟುಕೊಂಡು ಬಸ್ಸಿನ ಕಡೆ ನಡೆದೆ.

ನಾನು ಏನು ಮಾಡಬೇಕಿತ್ತು ಎಂದು ಆಮೇಲೆ ಯೋಚಿಸಿದ್ದೇನೆ. ಎರಡು ವರ್ಷ ಅದೇ ಯೋಚನೆ. ಪ್ರತಿ ಯುಗಾದಿಗೆ ಅಕ್ಕ ಬೇಡವೆಂದರೂ ಕೈ ಹಿಡಿದು ಕರೆತಂದು ಮರಿ ಪಾಲು ಮಾಡಬೇಕಿತ್ತು. ಅವಳ ಮರಿಗೆ ಅವಳ ಕಚ್ಚು ಹಾಕಬೇಕಿತ್ತು. ಕುರಿ ಸತ್ತ ದಿನವೇ, ಆಸ್ಪತ್ರೆಯಾದರೂ ಸರಿ, ಸುದ್ದಿಯನ್ನು ಅವಳ ಮಗಳ ಕಿವಿಗಾದರೂ ಹಾಕಬೇಕಿತ್ತು. ಅವಳ ಹಣ ಒಂದು ದಿನಕ್ಕೂ ನನ್ನ ಮೋಟರಿಗೆ ಹೋಗಬಾರದಿತ್ತು. ಅಷ್ಟು ಹಣಕ್ಕೆ ಬೇರೆಯವರ ಹತ್ತಿರ ಕೈಚಾಚಿದ್ದರೆ ಬಡ್ಡಿಯಷ್ಟೇ ಹೋಗುತ್ತಿತ್ತು. ಇದರಲ್ಲಿ ಯಾವುದೂ ಓದಿ ಕಲಿಯುವಂಥದ್ದಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದ ಅಪ್ಪನಿಗೆ ಎಲ್ಲ ಗೊತ್ತಿತ್ತು. ಊರಿನಲ್ಲಿ ಈಗ ಅಣ್ಣತಮ್ಮಂದಿರು ಕುರಿ ಪಾಲಿಗೆ ಕೊಡುವಾಗ ನಮ್ಮ ಕತೆ ಹೇಳಿಕೊಂಡು ನಗುತ್ತಾ, ಆಮೇಲೆ ನಾವು ಮಾಡಿದಂತೆಯೇ ಮಾಡುತ್ತಾರೆ. ಬುಡು, ನಮ್ಮೊಳ್ಗೆ ಏನು ಎನ್ನುತ್ತಾರೆ. ನಾನು ಹೇಳಲು ಹೋಗುವುದಿಲ್ಲ. ನನ್ನ ಬಾಯಿಂದ ಯಾರು ಕೇಳುತ್ತಾರೆ?

ಅಕ್ಕ ಹೋದದ್ದು ಬೆಳಗಿನ ಅಡುಗೆ ಮುಗಿಸಿ ಕೂತಾಗ, ಎದೆ ಹಿಡಿದುಕೊಂಡು. ಮಗಳು ಫೋನು ಮಾಡಿದಳು. ಓದು ಮುಗಿಸಿ ಮಧುಗಿರಿಯಲ್ಲೇ ಕೆಲಸಕ್ಕೆ ಸೇರಿದ್ದಾಳೆ. "ಮಾವ, ಅಮ್ಮ ಹೋಗ್ಬಿಡ್ತು" ಎಂದಷ್ಟೇ ಹೇಳಿ ಇಟ್ಟಳು. ನಮ್ಮಲ್ಲಿ ಹೆಣ್ಣು ಸತ್ತರೆ ತವರಿನವರು ತಂದ ಸೀರೆ ಹೊದಿಸಿಯೇ ಮಣ್ಣಿಗಿಡುವುದು. ತವರು ಎಂದರೆ ಈಗ ನಾನೊಬ್ಬನೇ. ಮಧುಗಿರಿಯಲ್ಲಿ ಬಸ್ಸಿಳಿದು ಅಂಗಡಿಗೆ ಹೋಗಿ ಅಕ್ಕನ ಬಣ್ಣಕ್ಕೆ ಒಪ್ಪುವ ಹಸಿರು ಸೀರೆ ಕೊಂಡೆ. ಚೌಕಾಶಿ ಮಾಡಲಿಲ್ಲ. ಸೀರೆಯನ್ನು ಯಾರೂ ಬೇಡವೆನ್ನಲಿಲ್ಲ. ಹೊದಿಸಿದರು. ಮುಖ ಮುಚ್ಚುವ ಮೊದಲು ನೋಡಿದೆ. ಯಾರ ಮೇಲೂ ಸಿಟ್ಟಿಲ್ಲದ ಮುಖದಂತೆ ಕಂಡಿತು. ಸತ್ತವರ ಮುಖವೆಲ್ಲ ಹಾಗೆಯೇ ಇರುತ್ತದೆ.

ಹನ್ನೊಂದನೇ ದಿನದ ಕಾರ್ಯ ಮುಗಿಯುವ ತನಕ ನಾನು ಒಂದನ್ನೇ ಕಾಯುತ್ತಿದ್ದೆ. ಅಕ್ಕ ಕೊನೆಕೊನೆಗೆ ನನ್ನ ಬಗ್ಗೆ ಏನಾದರೂ ಅಂದಿದ್ದಳು ಎಂದು ಯಾರಾದರೂ ಬಂದು ಹೇಳುತ್ತಾರೆ ಎಂದು. ಕುರಿ ಹೋದರೆ ಹೋಗಲಿ, ನನ್ನ ತಮ್ಮ ಅಂಥವನಲ್ಲ ಎಂದಿದ್ದಳು ಎಂದು. ಅಡುಗೆಮನೆಯ ಆ ಹೆಂಗಸು ಬಂದಿದ್ದಳು, ಮೈದುನ ಇದ್ದ, ಪಾವಗಡದ ಚಿಕ್ಕಮ್ಮ ಇದ್ದಳು. ಯಾರೂ ಏನೂ ಹೇಳಲಿಲ್ಲ. ಊಟವಾಗಿ ನಾನು ಹೊರಡಲು ಚಪ್ಪಲಿ ಹುಡುಕುತ್ತಿದ್ದಾಗ ಮಗಳು ಹೊರಗೆ ಬಂದಳು.

"ಮಾವ, ಸೀರೆಗೆ ಎಷ್ಟಾಯ್ತು?"

"ಅದ್ನೆಲ್ಲ ಕೇಳ್ತಾರೇನವ್ವ? ತವರ ಸೀರೆ ಅದು."

"ಅಮ್ಮ ಹೇಳಿತ್ತು ಮಾವ. ಮಾವನ ಕಡೆಯಿಂದ ಏನ್ ಬಂದ್ರೂ ಇಟ್ಕೊಬ್ಯಾಡ, ಅವತ್ತಿಂದು ಅವತ್ತೇ ತೀರ್ಸ್ಬುಡು ಅಂತ. ಅವತ್ತು ಆಗ್ಲಿಲ್ಲ. ಬೇಜಾರ್ ಮಾಡ್ಕೋಬೇಡಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಮ್ಮ ಒಪ್ಪಿಸಿ ಹೋದ ಕೆಲಸಗಳಲ್ಲಿ ಇದೂ ಒಂದು, ಅಷ್ಟೇ. ನಾನು ಬೇಡವೆಂದರೆ ಅದೊಂದು ಬಾಕಿಯಾಗಿ ಈ ಹುಡುಗಿಯ ತಲೆಯ ಮೇಲೆ ಉಳಿಯುತ್ತದೆ. ಬೆಲೆ ಹೇಳಿದೆ.

"ಬಿಲ್ಲೈತಾ?" ಎಂದಳು.

ಇತ್ತು. ಈಗೀಗ ನಾನು ಒಂದು ಬೆಂಕಿಪೊಟ್ಟಣದ ಚೀಟಿಯನ್ನೂ ಎಸೆಯುವುದಿಲ್ಲ. ಅಂಗಿ ಜೇಬಿನಿಂದ ತೆಗೆದು ಕೊಟ್ಟೆ. ಅವಳು ಬೆಳಕಿನ ಕಡೆ ತಿರುಗಿಸಿ ಓದಿಕೊಂಡು, ಫೋನು ತೆಗೆದು ಒತ್ತಿದಳು.

"ಬಂತಾ ನೋಡ್ಕೊಳಿ."

ನೋಡಿದೆ. "ಬಂತವ್ವ" ಎಂದೆ.

ಬಿಲ್ಲನ್ನು ಎರಡು ಮಡಿಕೆ ಮಾಡಿ ತನ್ನ ಪರ್ಸಿನಲ್ಲಿಟ್ಟುಕೊಂಡು, ಎಲೆ ಎತ್ತಲು ಒಳಗೆ ಹೋದಳು.